ಲೋಹದ ಮೈಮೇಲೆ ಹರಿಯುವ ಬೆಳಕು

ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಬರೆಯುವ ಲೇಖನವೆಂದರೆ ಅದು ಶಾಲೆಯ ವರದಿಯೋ ಸದುಪದೇಶವೋ ಆಗಿರಬೇಕೆಂದು ವಾಚಕರು ಎಣಿಸುವುದು ವಾಡಿಕೆ. ವರದಿಯು ಬೇರೆ ಪುಟಗಳಲ್ಲಿ ಅಚ್ಚಾಗಿರುವುದು. ಉಪದೇಶವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ನಿಂತ ಕಾಲಲ್ಲಿ ಬೇಕಾದಷ್ಟು ಕೇಳಿರುವರು. ಆದುದರಿಂದ ಈ ಸಲ ಒಂದು ಪಾಠವನ್ನೇ ಬರೆಯಲು ಮನಸ್ಸು ಮಾಡಿದೆವು. ಮಕ್ಕಳ ತಂದೆತಾಯಿಗಳೂ ಇದನ್ನು ಓದಬೇಕೆಂಬುದು ನಮ್ಮ ಅಪೇಕ್ಷೆ. ಏಕೆಂಬುದು ಮುಂದೆ ತಿಳಿಯುವುದು.

2021ನೆಯ ಇಸವಿಯಲ್ಲಿ ಕೊರೋನಾ ಜಾಡ್ಯದ ಕಾಲದಲ್ಲಿ ಮನೆಮನೆಗೂ ಬಂದಿದ್ದ ಪರೀಕ್ಷಾ ಪಟ್ಟಿಯನ್ನು ವಾಚಕರು ಮರೆತಿರಲಾರರು. ಮೂಗಿನ ದ್ರವವನ್ನು ಅದರ ಮೇಲೆ ಹನಿಸಿ ಕಾದರೆ ಒಂದು ಕೆಂಪು ಗೆರೆಯೋ ಎರಡು ಗೆರೆಗಳೋ ಮೂಡುತ್ತಿದ್ದುವು. ನಮ್ಮ ವಿದ್ಯಾರ್ಥಿನಿಲಯದಲ್ಲಿ ಈ ಪರೀಕ್ಷೆ ನಡೆದ ದಿನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, "ಟೀಚರ್, ಆ ಕೆಂಪು ಯಾವ ಬಣ್ಣದ್ದು? ಕುಂಕುಮದ್ದೇ, ಶಾಯಿಯದ್ದೇ?" ಎಂದು ಕೇಳಿದಳು. ಚಿನ್ನದ್ದು ಎಂದೆವು. ಅವಳು ನಂಬಲಿಲ್ಲ. ಚಿನ್ನವು ಹಳದಿಯೆಂಬುದು ಅವಳ ತಾಯಿಯ ಕೊರಳಿನಲ್ಲಿಯೇ ಕಂಡ ಸಂಗತಿಯಷ್ಟೆ. ಆದರೆ ಅಂತಹ ಅನೇಕ ಪಟ್ಟಿಗಳಲ್ಲಿ ಕೆಂಪಾಗಿ ಕಾಣುವುದು ಅಪ್ಪಟ ಚಿನ್ನವೇ. ಗರ್ಭವತಿಯೋ ಅಲ್ಲವೋ ಎಂದು ತಿಳಿಯಲು ಬಳಸುವ ಪಟ್ಟಿಯಲ್ಲಿಯೂ ಸಾಮಾನ್ಯವಾಗಿ ಇದೇ ಚಿನ್ನವಿರುವುದು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಎಷ್ಟೋ ಮಂದಿ ಆ ಗೆರೆಯನ್ನು ಎದೆ ಡವಡವಗುಟ್ಟುತ್ತ ನೋಡಿದ್ದಾರು. ಅದು ಚಿನ್ನವೆಂದು ಅರಿತವರು ಕೆಲವರೇ.

ಈ ಚಿನ್ನದ ಕಣಗಳು ಬಹು ಸೂಕ್ಷ್ಮವಾದುವು. ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಬರುವ ಒಂದು ಪಾಲಿಗೆ ನ್ಯಾನೋಮೀಟರ್ ಎಂದು ಹೆಸರು. ಪಟ್ಟಿಯಲ್ಲಿನ ಕಣದ ಅಡ್ಡಳತೆ ಸಾಧಾರಣವಾಗಿ 20ರಿಂದ 40 ನ್ಯಾನೋಮೀಟರ್. ಎಂದರೆ ತಲೆಗೂದಲಿನ ದಪ್ಪದಲ್ಲಿ ಸಾವಿರದೊಂದು ಪಾಲಿಗಿಂತಲೂ ಕಿರಿದು. ಇಷ್ಟು ಕಿರಿದಾದೊಡನೆ ಚಿನ್ನವು ಬೆಳಕಿನೊಡನೆ ನಡೆದುಕೊಳ್ಳುವ ರೀತಿಯೇ ಬೇರೆಯಾಗುವುದು.

ಇದನ್ನು ಮೊದಲು ಶ್ರದ್ಧೆಯಿಂದ ವಿಚಾರಿಸಿದವನು ಮೈಕೇಲ್ ಫ್ಯಾರಡೆ. ಕಮ್ಮಾರನ ಮಗನಾಗಿ ಹುಟ್ಟಿ, ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿತು, ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ವಿದ್ವಾಂಸನಾದ ಆ ಮಹಾಶಯನು ಒಂದು ಚಿಕ್ಕ ಕ್ರೈಸ್ತ ಸಭೆಯಲ್ಲಿ ಹಿರಿಯನಾಗಿಯೂ ಸೇವೆ ಮಾಡಿದನು. 1857ರಲ್ಲಿ ಲಂಡನ್ನಿನಲ್ಲಿ ಅವನು ಚಿನ್ನ ಮತ್ತು ಬೆಳಕಿನ ಸಂಬಂಧವನ್ನು ಕುರಿತು ಉಪನ್ಯಾಸ ಮಾಡಿದನು. ಚಿನ್ನದ ಲವಣದ ನೀರಿಗೆ ರಂಜಕವನ್ನು ಸೇರಿಸಿದಾಗ ನೀರು ಮಾಣಿಕ್ಯದಂತೆ ಕೆಂಪೇರಿದುದನ್ನೂ, ಅದರೊಳಗೆ ಬೆಳಕಿನ ಕಿರಣವನ್ನು ಹಾಯಿಸಿದರೆ ಕಿರಣದ ದಾರಿಯು ಕಣ್ಣಿಗೆ ಕಾಣುವುದನ್ನೂ ತೋರಿಸಿ, ನೀರಿನಲ್ಲಿ ಚಿನ್ನವು ಕರಗಿಲ್ಲ, ಕಣಕಣವಾಗಿ ತೇಲುತ್ತಿದೆ ಎಂದು ಹೇಳಿದನು. ಅವನು ಮಾಡಿದ ದ್ರವಗಳಲ್ಲಿ ಕೆಲವು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಇಂದಿಗೂ ಸೀಸೆಗಳಲ್ಲಿವೆ.

ಕುಶಲಕರ್ಮಿಗಳಾದರೋ ಕಾರಣವನ್ನು ಅರಿಯದೆಯೇ ಈ ಬಣ್ಣವನ್ನು ಪಡೆದಿದ್ದರು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ರೋಮನರ ಕಾಲದ, ಕ್ರಿ. ಶ. ನಾಲ್ಕನೆಯ ಶತಮಾನದ ಒಂದು ಗಾಜಿನ ಬಟ್ಟಲಿದೆ. ಲೈಕರ್ಗಸ್ ಬಟ್ಟಲೆಂದು ಅದರ ಹೆಸರು. ಹೊರಗಿನಿಂದ ಬೆಳಕು ಬಿದ್ದರೆ ಅದು ಹಸುರು. ಒಳಗೆ ದೀಪವಿಟ್ಟರೆ ಕೆಂಪು. ಗಾಜಿನಲ್ಲಿ ಚಿನ್ನವೂ ಬೆಳ್ಳಿಯೂ ಬೆರೆತ 50ರಿಂದ 100 ನ್ಯಾನೋಮೀಟರ್ ಗಾತ್ರದ ಕಣಗಳಿರುವುದನ್ನು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಕಂಡರು.

ಇನ್ನು ಕಾರಣವನ್ನು ನೋಡೋಣ. ಲೋಹದಲ್ಲಿ ಪ್ರತಿಯೊಂದು ಪರಮಾಣುವೂ ತನ್ನ ಒಂದೆರಡು ಎಲೆಕ್ಟ್ರಾನುಗಳನ್ನು ಸಾಮಾನ್ಯ ಭಂಡಾರಕ್ಕೆ ಒಪ್ಪಿಸಿಬಿಟ್ಟಿರುವುದು. ಅವು ಯಾವ ಪರಮಾಣುವಿಗೂ ಸೇರದೆ ಲೋಹದ ಉದ್ದಗಲಕ್ಕೂ ಸಂಚರಿಸುವುವು. ಬೆಳಕು ಎಂಬುದಾದರೋ ಅತ್ತಿತ್ತ ತೂಗುವ ವಿದ್ಯುದ್ಬಲ. ಅದು ಚಿನ್ನದ ಗುಂಡಿನ ಮೇಲೆ ಬಿದ್ದಾಗ ಎಲೆಕ್ಟ್ರಾನುಗಳ ಸಮೂಹವೆಲ್ಲವೂ ಒಂದು ಪಕ್ಕಕ್ಕೆ ಸರಿಯುವುದು. ಹಿಂದೆ ಉಳಿದ ಧನವಿದ್ಯುತ್ತು ಅದನ್ನು ಮರಳಿ ಸೆಳೆಯುವುದು. ಸೆಳೆತಕ್ಕೆ ಸಿಕ್ಕಿದ ಸಮೂಹವು ತನ್ನ ಸ್ಥಾನವನ್ನು ದಾಟಿ ಇನ್ನೊಂದು ಪಕ್ಕಕ್ಕೆ ಹೋಗುವುದು. ಇದು ಉಯ್ಯಾಲೆಯೇ ಸರಿ. ಉಯ್ಯಾಲೆಗೆ ತನ್ನದೇ ಆದ ಲಯವುಂಟು; ಆ ಲಯಕ್ಕೆ ಸರಿಯಾಗಿ ನೂಕಿದರೆ ಮಾತ್ರ ಅದು ಮೇಲಕ್ಕೇರುವುದು. ನೀರಿನಲ್ಲಿ ತೇಲುವ ಚಿನ್ನದ ಕಿರುಗುಂಡಿಗೆ ಆ ಲಯವು ಸುಮಾರು 520 ನ್ಯಾನೋಮೀಟರ್ ಅಲೆಯುದ್ದದ ಹಸುರು ಬೆಳಕಿನ ಲಯ. ಬಿಳಿಯ ಬೆಳಕಿನಿಂದ ಹಸುರನ್ನು ಅದು ನುಂಗಿಬಿಡಲಾಗಿ, ಉಳಿದುದು ನಮಗೆ ಕೆಂಪಾಗಿ ಕಾಣುವುದು. ಬೆಳ್ಳಿಯ ಕಣದ ಲಯವು 400ರ ಸಮೀಪದ ನೇರಿಳೆ ಬೆಳಕಿನದು. ಆದುದರಿಂದ ಬೆಳ್ಳಿಯ ನೀರು ಹಳದಿ. ಹೀಗೆ ಬೆಳ್ಳಿ ಹಳದಿಯಾಗಿ ಚಿನ್ನ ಕೆಂಪಾದರೆ ಚಿನಿವಾರನ ಗತಿಯೇನೆಂದು ನಮ್ಮ ಮಕ್ಕಳು ನಕ್ಕರು. ಗೋಲಾಕಾರದ ಕಣಗಳ ಲೆಕ್ಕವನ್ನು 1908ರಲ್ಲಿ ಜರ್ಮನಿಯ ಗುಸ್ತಾವ್ ಮೀ ಎಂಬ ಪಂಡಿತನು ಪೂರ್ತಿಯಾಗಿ ಮಾಡಿದನು.

ಕಳೆದ ವರ್ಷ ಹತ್ತನೆಯ ತರಗತಿಯವರು ಈ ಕೆಂಪು ನೀರನ್ನು ನಮ್ಮ ಪ್ರಯೋಗಶಾಲೆಯಲ್ಲಿಯೇ ಮಾಡಿದರು. ಚಿನ್ನದ ಲವಣವನ್ನು ಅತ್ಯಲ್ಪವಾಗಿ ಬೆರೆಸಿದ ನೀರನ್ನು ಕುದಿಸಿ, ಅದಕ್ಕೆ ಸೋಡಿಯಂ ಸಿಟ್ರೇಟನ್ನು ಸೇರಿಸುವುದೇ ವಿಧಾನ. ತಿಳಿಹಳದಿಯ ನೀರು ಮೊದಲು ಬಣ್ಣಗೆಟ್ಟು, ಬಳಿಕ ಕಪ್ಪಿಟ್ಟು, ಕೆಲವು ನಿಮಿಷಗಳಲ್ಲಿ ದ್ರಾಕ್ಷಾರಸದ ಕೆಂಪನ್ನು ತಳೆಯುವುದು. ಅದರಲ್ಲಿ ಸ್ವಲ್ಪ ಭಾಗಕ್ಕೆ ಅಡಿಗೆಯ ಉಪ್ಪಿನ ನೀರನ್ನು ಹನಿಸಿದಾಗ ಅದು ನೋಡನೋಡುತ್ತಿದ್ದಂತೆ ನೀಲಿಯಾಯಿತು. ಉಪ್ಪಿನಿಂದ ಕಣಗಳು ಒಂದಕ್ಕೊಂದು ಹತ್ತಿರ ಬಂದು ಗುಂಪುಗೂಡುವುವು. ಪಕ್ಕದ ಕಣದ ಉಯ್ಯಾಲೆಯು ತನ್ನ ಉಯ್ಯಾಲೆಯನ್ನು ಎಳೆಯುವುದರಿಂದ ಲಯವು ನಿಧಾನವಾಗುವುದು. ಹೀಗೆ ಸೇರಿದ ಎರಡು ಕಣಗಳ ನಡುವಣ ಸಂದಿಯಲ್ಲಿ ಬೆಳಕಿನ ಬಲವು ಬಹಳವಾಗಿ ಹೆಚ್ಚಿರುವುದು. 1928ರಲ್ಲಿ ಸರ್ ಸಿ. ವಿ. ರಾಮನ್ನರು ಕಂಡುಹಿಡಿದ ಪರಿಣಾಮವು ಬಹು ಕ್ಷೀಣವಾದುದು. ಆದರೆ ಒರಟಾದ ಬೆಳ್ಳಿಯ ಮೇಲೆ ಕುಳಿತ ಅಣುಗಳಲ್ಲಿ ಅದು ಆಶ್ಚರ್ಯಕರವಾಗಿ ಪ್ರಬಲವಾಗುವುದನ್ನು 1974ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ಕಂಡರು. ಅದು ಲಕ್ಷಗಟ್ಟಲೆ ಪಟ್ಟು ಹೆಚ್ಚಳವೆಂದು 1977ರಲ್ಲಿ ಗೊತ್ತಾಯಿತು. ಅದಕ್ಕೆ ಮುಖ್ಯ ಕಾರಣವೂ ಲೋಹದ ಎಲೆಕ್ಟ್ರಾನುಗಳ ಈ ಓಲಾಟವೇ.

ಗುಂಡಿನಲ್ಲಿ ಉಯ್ಯಾಲೆಯಾದುದು ಸಮತಟ್ಟಾದ ಲೋಹದಲ್ಲಿ ಅಲೆಯಾಗುವುದು. ಕೆರೆಯ ನೀರಿನ ಮೇಲೆ ಅಲೆಯು ಸಾಗುವಂತೆ, ಎಲೆಕ್ಟ್ರಾನುಗಳ ದಟ್ಟಣೆಯು ಲೋಹದ ಮೈಮೇಲೆ ಸಾಗುವುದು. ಬೆಳಕಿನ ಬಲವು ಅದಕ್ಕೆ ಅಂಟಿಕೊಂಡು ಜೊತೆಯಲ್ಲಿ ಹೋಗುವುದು. ಅದು ಲೋಹದೊಳಗೆ ಇಪ್ಪತ್ತು ಮೂವತ್ತು ನ್ಯಾನೋಮೀಟರಿಗಿಂತ ಆಳಕ್ಕೆ ಇಳಿಯಲಾರದು. ಅಲೆಯೆಂದರೆ ಇಲ್ಲಿ ಬೆಳಕೂ ಎಲೆಕ್ಟ್ರಾನುಗಳೂ ಬೇರ್ಪಡಿಸಲಾಗದಂತೆ ಕೂಡಿಕೊಂಡ ಒಂದು ದಾಂಪತ್ಯ. ಆದರೆ ಬರಿಯ ಗಾಳಿಯಿಂದ ಬಿದ್ದ ಬೆಳಕು ನಯವಾದ ಲೋಹದ ಮೇಲೆ ಈ ಅಲೆಯನ್ನು ಎಬ್ಬಿಸಲಾರದು. ಹಗ್ಗದಾಟದಲ್ಲಿ ಇಬ್ಬರು ಹುಡುಗಿಯರು ಉದ್ದನೆಯ ಹಗ್ಗವನ್ನು ಬೀಸುತ್ತಿರುವಾಗ ಮೂರನೆಯವಳು ಒಳಕ್ಕೆ ಹೊಗಬೇಕಾದರೆ ಅವಳ ಹೆಜ್ಜೆಯು ಹಗ್ಗದ ಬೀಸಿಗೆ ಹೊಂದಬೇಕಷ್ಟೆ. ಮೇಲ್ಮೈ ಅಲೆಯ ಹೆಜ್ಜೆಯು ಗಾಳಿಯಲ್ಲಿನ ಬೆಳಕಿನ ಹೆಜ್ಜೆಗಿಂತ ಗಿಡ್ಡ. ಆದುದರಿಂದ ಎರಡೂ ಕೂಡಲಾರವು. ಗಾಜಿನೊಳಗೆ ಬೆಳಕಿನ ಹೆಜ್ಜೆಯು ಗಿಡ್ಡವಾಗುವುದು. 1968ರಲ್ಲಿ ಆಟೋ ಎಂಬವನೂ, ಬೇರೆಯಾಗಿ ಕ್ರೆಟ್ಷ್‌ಮನ್ ಮತ್ತು ರೇತರ್ ಎಂಬವರೂ ಈ ಉಪಾಯವನ್ನು ಹಿಡಿದು, ಪಟ್ಟಕದ ಮೂಲಕ ಬೆಳಕನ್ನು ಲೋಹಕ್ಕೆ ಕಳುಹಿಸಿದರು. ಒಂದು ನಿರ್ದಿಷ್ಟ ಕೋನದಲ್ಲಿ ಕನ್ನಡಿಯಂತಿದ್ದ ಲೋಹದಿಂದ ಪ್ರತಿಫಲನವು ಬಹುಮಟ್ಟಿಗೆ ನಿಂತುಹೋಗುವುದು. ಬೆಳಕೆಲ್ಲವೂ ಮೇಲ್ಮೈ ಅಲೆಯಾಗಿ ಹೊರಟುಹೋಗಿರುವುದು. ಲೋಹದ ಮೇಲೆ ಏನಾದರೂ ಅಣುಗಳು ಬಂದು ಅಂಟಿದರೆ ಈ ಕೋನವು ಕದಲುವುದು. ರಕ್ತದಲ್ಲಿನ ಪದಾರ್ಥಗಳನ್ನು ಪರೀಕ್ಷಿಸುವ ಯಂತ್ರಗಳು 1990ರಿಂದ ಇದೇ ತತ್ತ್ವದ ಮೇಲೆ ಮಾರಾಟಕ್ಕೆ ಬಂದುವು.

ಇಷ್ಟರವರೆಗೆ ಹೇಳಿದುದೆಲ್ಲವನ್ನೂ ಅಲೆಯ ಲೆಕ್ಕದಿಂದಲೇ ವಿವರಿಸಬಹುದು. ನಮ್ಮ ಪಾಠದ ಕಠಿಣವಾದ ಭಾಗವು, ಅಂತೆಯೇ ಸ್ವಾರಸ್ಯದ ಭಾಗವು, ಇಲ್ಲಿಂದ ಮುಂದೆ.

ಬೆಳಕು ಅಲೆಯಾಗಿರುವಂತೆಯೇ ಪೊಟ್ಟಣವೂ ಆಗಿರುವುದೆಂದು 1900ರಲ್ಲಿ ಪ್ಲಾಂಕನ ಲೆಕ್ಕದಿಂದಲೂ 1905ರಲ್ಲಿ ಐನ್‌ಸ್ಟೈನನ ವಾದದಿಂದಲೂ ಹೊರಪಟ್ಟಿತು. ಈ ಪೊಟ್ಟಣಕ್ಕೆ ಫೋಟಾನ್ ಎಂದು ಹೆಸರು. ಅರ್ಧ ಫೋಟಾನ್ ಎಂಬುದಿಲ್ಲ. ಹಾಗಾದರೆ ಒಂದೇ ಒಂದು ಫೋಟಾನು ಬೆಳ್ಳಿಯ ತಂತಿಯ ಮೇಲೆ ಬಿದ್ದು ಮೇಲ್ಮೈ ಅಲೆಯಾದರೆ ಅದರ ಒಂದುತನವು ಉಳಿಯುವುದೋ? 20 ನ್ಯಾನೋಮೀಟರ್ ಅಡ್ಡಳತೆಯ ಚಿನ್ನದ ಕಣವೊಂದರಲ್ಲಿ ಸ್ವೇಚ್ಛೆಯಾಗಿ ತಿರುಗುವ ಎಲೆಕ್ಟ್ರಾನುಗಳು ಸುಮಾರು ಎರಡೂವರೆ ಲಕ್ಷ. ತಂತಿಯಲ್ಲಾದರೋ ಅದಕ್ಕಿಂತ ಬಹಳ ಹೆಚ್ಚು. ಒಂದು ಪೊಟ್ಟಣವನ್ನು ಇಷ್ಟು ದೊಡ್ಡ ಜನಸಂದಣಿಯ ಕೈಗೆ ಕೊಟ್ಟರೆ ಅದು ಹರಿದು ಹಂಚಿಹೋಗುವುದಿಲ್ಲವೇ? ಪಂಡಿತರಲ್ಲಿಯೂ ಈ ಸಂದೇಹವು ಸಹಜವಾಗಿಯೇ ಹುಟ್ಟಿತು.

ಸಮೂಹದ ಓಲಾಟವೂ ಪೊಟ್ಟಣಗಳಾಗಿಯೇ ಇರುವುದೆಂಬ ಸೂಚನೆಯು ಮೊದಲೇ ದೊರೆತಿತ್ತು. ಡೇವಿಡ್ ಬೋಮ್ ಮತ್ತು ಡೇವಿಡ್ ಪೈನ್ಸ್ ಎಂಬವರು 1950ರ ದಶಕದ ಮೊದಲಿನಲ್ಲಿ ಎಲೆಕ್ಟ್ರಾನುಗಳ ಸಾಮೂಹಿಕ ಚಲನೆಯ ಸಿದ್ಧಾಂತವನ್ನು ಬೆಳೆಯಿಸಿದರು. ಅದರ ಪೊಟ್ಟಣಕ್ಕೆ 1956ರಲ್ಲಿ ಪೈನ್ಸನು ಪ್ಲಾಸ್ಮಾನ್ ಎಂದು ಹೆಸರಿಟ್ಟನು. 1957ರಲ್ಲಿ ಅಮೇರಿಕದ ರೂಫಸ್ ರಿಚಿ ಎಂಬವನು ಮೇಲ್ಮೈಗೆ ಸೇರಿದ ಬೇರೊಂದು ಓಲಾಟವೂ ಇರಬೇಕೆಂದನು. 1959ರಲ್ಲಿ ಪವೆಲ್ ಮತ್ತು ಸ್ವಾನ್ ಎಂಬವರು ಎಲೆಕ್ಟ್ರಾನುಗಳನ್ನು ಅಲ್ಯೂಮಿನಿಯಮ್ಮಿಗೆ ತಾಗಿಸಿದಾಗ ಅವು ಶಕ್ತಿಯನ್ನು ಬಾಯಿಗೆ ಬಂದಷ್ಟು ಕಳೆದುಕೊಳ್ಳದೆ ಗೊತ್ತಾದ ಕಂತುಗಳಲ್ಲಿ ಕಳೆದುಕೊಂಡುವು: ಲೋಹದ ಒಳಗಿನ ಅಲೆಗೆ ಸುಮಾರು 15 ಎಲೆಕ್ಟ್ರಾನ್ ವೋಲ್ಟ್, ಮೇಲ್ಮೈಯ ಅಲೆಗೆ ಸುಮಾರು 10. ಆದರೆ ಕಂತು ಕಂಡಿತೆಂದ ಮಾತ್ರಕ್ಕೆ ಒಂದು ಪೊಟ್ಟಣವನ್ನು ಹಿಡಿದು ಅದರ ನಡತೆಯನ್ನು ನೋಡಿದಂತಾಗಲಿಲ್ಲ. ಅದಕ್ಕೆ ಇನ್ನೂ ನಲವತ್ತು ವರ್ಷಗಳು ಕಾಯಬೇಕಾಯಿತು.

2002ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಅಲ್ಟೆವಿಶರ್, ವಾನ್ ಎಕ್ಸ್‌ಟರ್, ವೂರ್ಡ್‌ಮನ್ ಎಂಬವರು ಜೋಡಿ ಫೋಟಾನುಗಳನ್ನು ತೆಗೆದುಕೊಂಡರು. ಈ ಜೋಡಿಯಲ್ಲಿ ಯಾವುದಕ್ಕೂ ತನ್ನದೆಂಬ ನಿಶ್ಚಿತ ಗುಣವಿಲ್ಲ, ಗುಣವು ಜೋಡಿಯದು. ಒಂದನ್ನು ಅಳೆದರೆ ಇನ್ನೊಂದು ಅದಕ್ಕೆ ಹೊಂದಿಯೇ ತೋರುವುದು. ಬಹು ನಾಜೂಕಾದ ಈ ಸಂಬಂಧವನ್ನು ಹೊತ್ತ ಫೋಟಾನುಗಳನ್ನು ಸೂಕ್ಷ್ಮ ರಂಧ್ರಗಳಿದ್ದ ಚಿನ್ನದ ತೆಳುತಗಡಿಗೆ ಕಳುಹಿಸಿದರು. ಫೋಟಾನು ಒಂದು ಪಕ್ಕದಲ್ಲಿ ಪ್ಲಾಸ್ಮಾನಾಗಿ, ರಂಧ್ರಗಳನ್ನು ದಾಟಿ, ಆಚೆಯ ಪಕ್ಕದಲ್ಲಿ ಮರಳಿ ಫೋಟಾನಾಗಿ ಹೊರಟಿತು. ಜೋಡಿಯ ಸಂಬಂಧವು ಅಷ್ಟಾದರೂ ಬದುಕಿ ಉಳಿದಿತ್ತು. ಲೋಹದ ಗದ್ದಲವು ಅದನ್ನು ಕೆಡಿಸಲಿಲ್ಲ.

2007ರಲ್ಲಿ ಹಾರ್ವರ್ಡಿನವರು ಇನ್ನೂ ಮುಂದಕ್ಕೆ ಹೋದರು. ಬೆಳ್ಳಿಯ ಅತಿಸೂಕ್ಷ್ಮ ತಂತಿಯ ಪಕ್ಕದಲ್ಲಿ, ಒಂದು ಸಲಕ್ಕೆ ಒಂದೇ ಪೊಟ್ಟಣವನ್ನು ಬಿಡುವ ಅರೆವಾಹಕದ ಹರಳೊಂದನ್ನು ಕುಳ್ಳಿರಿಸಿದರು. ಹರಳು ಬಿಟ್ಟ ಪೊಟ್ಟಣವು ಪ್ಲಾಸ್ಮಾನಾಗಿ ತಂತಿಯುದ್ದಕ್ಕೂ ಹರಿದು ತುದಿಯಲ್ಲಿ ಬೆಳಕಾಗಿ ಮಿನುಗಿತು. ಪೊಟ್ಟಣವು ಒಡೆಯುವುದಾಗಿದ್ದರೆ ಎರಡು ಕಡೆ ಇಟ್ಟ ಎರಡು ಪತ್ತೆಯಂತ್ರಗಳೂ ಒಮ್ಮೆಗೇ ಸದ್ದು ಮಾಡಬೇಕಾಗಿತ್ತು. ಅವು ಹಾಗೆ ಜೊತೆಯಾಗಿ ಸದ್ದು ಮಾಡುವುದು ಬಹುಮಟ್ಟಿಗೆ ಇಲ್ಲವೇ ಆಯಿತು. ಒಂದು ಒಂದಾಗಿಯೇ ಉಳಿದಿತ್ತು.

ಎರಡು ವರ್ಷಗಳ ತರುವಾಯ, 2009ರಲ್ಲಿ, ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಹರಳಿಗೆ ಬದಲಾಗಿ ಪುಡಿವಜ್ರವನ್ನು ಬಳಸಿದರು. ವಜ್ರದ ಹೆಣಿಗೆಯಲ್ಲಿ ಇಂಗಾಲದ ಒಂದು ಪರಮಾಣುವಿನ ಸ್ಥಳದಲ್ಲಿ ಸಾರಜನಕವೂ ಅದರ ಪಕ್ಕದಲ್ಲಿ ಒಂದು ತೆರಪೂ ಇದ್ದರೆ ಆ ಕೊರತೆಯು ಒಂದೊಂದೇ ಫೋಟಾನನ್ನು ಬಿಡುವುದು. ಅದರಿಂದ ಹುಟ್ಟಿದ ಒಂಟಿ ಪ್ಲಾಸ್ಮಾನು ಎಣಿಸುವಾಗ ಒಂದೇ ಕಣವಾಗಿ ಸಿಕ್ಕಿತು. ಆದರೂ ತಂತಿಯ ತುದಿಯಿಂದ ಹಿಂದಿರುಗಿದ ತನ್ನದೇ ಅಲೆಯೊಡನೆ ಕೂಡಿ ತಗ್ಗು ಉಬ್ಬುಗಳನ್ನೂ ತೋರಿತು. ಒಂದೇ ವಸ್ತು, ಎರಡು ನಡತೆ.

ವಜ್ರದ ಮಾತು ಬಂದುದರಿಂದ ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುವೆವು. ವಜ್ರಗಳು ಹೊಳೆಯುವ ರೀತಿಯನ್ನು ನಮ್ಮ ಬೆಂಗಳೂರಿನಲ್ಲಿಯೇ 1940ರ ದಶಕದ ಮೊದಲ ವರ್ಷಗಳಲ್ಲಿ ಹಗಲಿರುಳು ಕುಳಿತು ಅಭ್ಯಸಿಸಿದ ಒಬ್ಬ ಹೆಣ್ಣುಮಗಳಿದ್ದಳು. ತಿರುವಾಂಕೂರಿನ ಪೀರುಮೇಡಿನಲ್ಲಿ 1918ರಲ್ಲಿ ಸುರಿಯಾನಿ ಕ್ರೈಸ್ತ ಮನೆತನದಲ್ಲಿ ಹುಟ್ಟಿದ ಅನ್ನಾ ಮಣಿಯವರು ವಿಜ್ಞಾನ ಸಂಸ್ಥೆಯಲ್ಲಿ ರಾಮನ್ನರ ಕೈಕೆಳಗೆ ಮೂವತ್ತಕ್ಕೆ ಮೇಲ್ಪಟ್ಟ ವಜ್ರಗಳ ಬೆಳಕನ್ನು ಪರೀಕ್ಷಿಸಿ, ತಮ್ಮ ಒಬ್ಬರ ಹೆಸರಿನಲ್ಲಿಯೇ ಐದು ಲೇಖನಗಳನ್ನು ಪ್ರಕಟಿಸಿದರು. 1945ರಲ್ಲಿ ಪ್ರಬಂಧವನ್ನು ಒಪ್ಪಿಸಿದಾಗ, ಎಂ. ಎಸ್‌ಸಿ. ಪದವಿಯಿಲ್ಲವೆಂಬ ಕಾರಣದಿಂದ ವಿಶ್ವವಿದ್ಯಾಲಯವು ಡಾಕ್ಟರ್ ಪದವಿಯನ್ನು ಕೊಡಲಿಲ್ಲ. ಅವರು ಹವಾಮಾನದ ಉಪಕರಣಗಳ ಕಡೆಗೆ ತಿರುಗಿ ಆ ಇಲಾಖೆಯಲ್ಲಿ ಬಹು ಎತ್ತರದ ಹುದ್ದೆಗೇರಿ 1976ರಲ್ಲಿ ನಿವೃತ್ತರಾದರು, 2001ರಲ್ಲಿ ತೀರಿಕೊಂಡರು. ಆ ಪ್ರಬಂಧವನ್ನು ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯ ಗ್ರಂಥಾಲಯದಲ್ಲಿ ಕಾಪಾಡಿಟ್ಟಿದ್ದಾರೆ. ಹತ್ತನೆಯ ತರಗತಿಯಾದೊಡನೆ, "ಹುಡುಗಿಗೆ ಭೌತಶಾಸ್ತ್ರವು ಏತಕ್ಕೆ ಅಮ್ಮನವರೇ, ಅದು ಭಾರವಾಗುವುದು" ಎಂದು ನಮ್ಮ ಕೊಠಡಿಗೆ ಬಂದು ಹೇಳುವ ತಂದೆಯಂದಿರು ಪ್ರತಿವರ್ಷವೂ ಇರುವರು. ಮಗಳ ಅಂಕಗಳು ತರಗತಿಗೇ ಮೊದಲಾಗಿದ್ದರೂ ಹೀಗೆ ಹೇಳಿದವರುಂಟು. ಭಾರವು ಯಾರಿಗೆಂದು ನಾವು ಕೇಳುವುದುಂಟು. ಉತ್ತರವು ಸಾಮಾನ್ಯವಾಗಿ ಬರುವುದಿಲ್ಲ.

ಪ್ರಕೃತಕ್ಕೆ ಬರೋಣ. ಒಂಟಿ ಪ್ಲಾಸ್ಮಾನಿನ ನಡತೆ ತಿಳಿಯಿತು. ಎರಡು ಪ್ಲಾಸ್ಮಾನುಗಳು ಸಂಧಿಸಿದರೇನಾಗುವುದು? ಎರಡು ದಾರಿಗಳು ಕೂಡಿ ಮರಳಿ ಎರಡು ದಾರಿಗಳಾಗಿ ಅಗಲುವ ಒಂದು ಕವಲನ್ನು ಭಾವಿಸಿರಿ. ಅಲ್ಲಿಗೆ ಬಂದ ಗೋಲಿಯು ಅರ್ಧಪಾಲು ಎಡಕ್ಕೂ ಅರ್ಧಪಾಲು ಬಲಕ್ಕೂ ಹೋಗುವುದೆಂದಿರಲಿ. ಎರಡು ಗೋಲಿಗಳನ್ನು ಎರಡು ದಾರಿಗಳಿಂದ ಒಮ್ಮೆಗೇ ಬಿಟ್ಟರೆ, ನೂರು ಸಲದಲ್ಲಿ ಸುಮಾರು ಐವತ್ತು ಸಲ ಅವು ಬೇರೆಬೇರೆ ದಾರಿಗಳಲ್ಲಿ ಹೊರಬರುವುವು. ಎರಡು ಸರ್ವಸಮವಾದ ಫೋಟಾನುಗಳನ್ನು ಬಿಟ್ಟರೆ ಹಾಗಾಗುವುದಿಲ್ಲ. ಅವು ಎರಡೂ ಒಂದೇ ದಾರಿಯಲ್ಲಿ ಜೊತೆಯಾಗಿ ಹೊರಡುವುವು. ಕಾರಣವೇನೆಂದರೆ, ಬೇರೆಬೇರೆಯಾಗಿ ಹೊರಬರುವುದಕ್ಕೆ ಎರಡು ಬಗೆಗಳುಂಟು: ಎರಡೂ ನೇರವಾಗಿ ಹೋಗುವುದು, ಇಲ್ಲವೇ ಎರಡೂ ಅಡ್ಡಹಾಯುವುದು. ಗೋಲಿಗಳಿಗೆ ಗುರುತು ಹಾಕಬಹುದು, ಇವುಗಳಿಗೆ ಹಾಕಲಾಗದು. ಯಾವ ಬಗೆ ನಡೆಯಿತೆಂದು ಹೇಳಲು ಸಾಧ್ಯವಿಲ್ಲದುದರಿಂದ ಎರಡು ಬಗೆಗಳ ಅಲೆಗಳನ್ನು ಕೂಡಿಸಬೇಕು. ಒಂದು ಅಲೆಯ ಉಬ್ಬು ಇನ್ನೊಂದರ ತಗ್ಗಿಗೆ ಸರಿಯಾಗಿ ಬಿದ್ದು ಎರಡೂ ಅಳಿದುಹೋಗುವುವು. ಗುರುತಿಲ್ಲದ ಕಣಗಳನ್ನು ಎಣಿಸುವ ಈ ಲೆಕ್ಕವನ್ನು 1924ರಲ್ಲಿ ಢಾಕಾದಲ್ಲಿ ಉಪಾಧ್ಯಾಯರಾಗಿದ್ದ ಸತ್ಯೇಂದ್ರನಾಥ ಬೋಸರು ಲೋಕಕ್ಕೆ ಕೊಟ್ಟರು. ಫೋಟಾನುಗಳ ಈ ಜೊತೆಗೂಡುವಿಕೆಯನ್ನು ಹಾಂಗ್, ಊ, ಮ್ಯಾಂಡೆಲ್ ಎಂಬ ಮೂವರು 1987ರಲ್ಲಿ ತೋರಿಸಿದ್ದರು. ಪ್ಲಾಸ್ಮಾನುಗಳಿಂದ ಅದೇ ಪ್ರಯೋಗವನ್ನು 2013ರಲ್ಲಿ ಹಾಲೆಂಡಿನ ಡೆಲ್ಫ್ಟಿನವರೂ 2014ರಲ್ಲಿ ಅಮೇರಿಕದ ಕ್ಯಾಲ್‌ಟೆಕ್ಕಿನವರೂ ನಡೆಯಿಸಿದರು. ಲಕ್ಷಾಂತರ ಎಲೆಕ್ಟ್ರಾನುಗಳ ಮೇಲೇರಿ ಬಂದ ಆ ಎರಡು ಪೊಟ್ಟಣಗಳೂ ಬೋಸರ ಲೆಕ್ಕದಂತೆಯೇ ಜೊತೆಗೂಡಿದುವು. ನಮ್ಮ ಮನಸ್ಸಿಗೆ ಈ ಇಡೀ ವಿಷಯದಲ್ಲಿ ಅತ್ಯಂತ ಸೋಜಿಗದ ಫಲಿತಾಂಶವು ಇದೇ.

ಜನಸಂದಣಿಯಲ್ಲಿ ಒಂದುತನವು ಹೇಗೆ ಉಳಿಯಿತು? ನಮ್ಮ ಗಾಯನವೃಂದದಲ್ಲಿ ನಲವತ್ತು ಹುಡುಗಿಯರು ಹಾಡಿದರೂ ಹಾಡು ಒಂದೇ ಆಗಿರುವುದು. ಅದು ಯಾವ ಹುಡುಗಿಯ ಕಂಠದಲ್ಲಿದೆಯೆಂದು ಕೇಳುವುದು ಸಲ್ಲದು. ಪೊಟ್ಟಣವೂ ಹಾಗೆಯೇ ಒಂದೊಂದು ಎಲೆಕ್ಟ್ರಾನಿನಲ್ಲಿಲ್ಲ; ಎಲ್ಲವೂ ಕೂಡಿ ಓಲಾಡುವ ಆ ಓಲಾಟದಲ್ಲಿದೆ. ಈ ಹೋಲಿಕೆಯನ್ನು ಬಹಳ ದೂರ ಎಳೆಯತಕ್ಕದ್ದಲ್ಲ. ಹುಡುಗಿಯರು ಬೇಕೆಂದಾಗ ದನಿಯನ್ನು ಅರ್ಧಕ್ಕೆ ಇಳಿಸಬಲ್ಲರು. ಎಲೆಕ್ಟ್ರಾನುಗಳ ವೃಂದವು ಒಂದು ಪೊಟ್ಟಣದಷ್ಟು ಹಾಡುವುದು, ಇಲ್ಲವಾದರೆ ಸುಮ್ಮನಿರುವುದು.

ಆದರೆ ಹಾಡು ಬಹಳ ಹೊತ್ತು ನಡೆಯದು. ಎಲೆಕ್ಟ್ರಾನುಗಳು ಲೋಹದ ಪರಮಾಣುಗಳಿಗೆ ತಾಗಿ ತಾಗಿ ಅಲೆಯು ಬಿಸಿಯಾಗಿ ಕರಗುವುದು. ಒಳ್ಳೆಯ ಬೆಳ್ಳಿಯ ಮೇಲೂ ಕಣ್ಣಿಗೆ ಕಾಣುವ ಬೆಳಕಿನ ಅಲೆಯು ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಕೆಲವು ನೂರನೆಯ ಪಾಲುಗಳಷ್ಟು ದೂರ ಹೋಗಿ ಸಾಯುವುದು. ದಾರಿಯಲ್ಲಿ ಸತ್ತ ಪೊಟ್ಟಣವು ಪೂರ್ತಿಯಾಗಿಯೇ ಸಾಯುವುದು. ಉಳಿದುದು ಪೂರ್ತಿಯಾಗಿಯೇ ಉಳಿಯುವುದು. ಮೇಲಿನ ಪ್ರಯೋಗಗಳು ಫಲಿಸಿದುದು ಇದರಿಂದಲೇ. ಆದರೂ ಪ್ಲಾಸ್ಮಾನುಗಳಿಂದ ಗಣಕಯಂತ್ರವನ್ನು ಕಟ್ಟಬೇಕೆನ್ನುವವರಿಗೆ ಈ ನಷ್ಟವೇ ದೊಡ್ಡ ತೊಡಕು. ಆ ಬಿಸಿಯನ್ನೇ ಗುಣವಾಗಿ ಮಾಡಿಕೊಂಡವರೂ ಇದ್ದಾರೆ. ಅಮೇರಿಕದ ರೈಸ್ ವಿಶ್ವವಿದ್ಯಾಲಯದ ನವೋಮಿ ಹಾಲಸ್ ಎಂಬ ವಿದುಷಿಯು ಗಾಜಿನಂತಹ ಪದಾರ್ಥದ ಕಣಕ್ಕೆ ಚಿನ್ನದ ಪೊರೆಯನ್ನು ಕೊಟ್ಟು, ಮೈಯೊಳಗೆ ಸ್ವಲ್ಪ ದೂರ ಹೊಗಬಲ್ಲ ಅವಗೆಂಪು ಬೆಳಕಿಗೆ ಅದರ ಲಯವನ್ನು ಹೊಂದಿಸಿದರು. ಇಂತಹ ಕಣಗಳಿಂದ ಪುರುಷರ ಪ್ರಾಸ್ಟೇಟ್ ಗ್ರಂಥಿಯ ಏಡಿಗಂತಿಯನ್ನು ಸುಡುವ ಚಿಕಿತ್ಸೆಯ ಮೊದಲ ಫಲಿತಾಂಶಗಳು 2019ರಲ್ಲಿ ಪ್ರಕಟವಾದುವು.

ಇನ್ನೊಂದು ಎಲ್ಲೆಯೂ ಉಂಟು. ಉಪ್ಪು ಹಾಕಿದಾಗ ಕಣಗಳು ಸಮೀಪಿಸಿ ಸಂದಿಯಲ್ಲಿ ಬೆಳಕು ತುಂಬಿಕೊಂಡಿತೆಂದೆವಲ್ಲವೆ? ಸಂದಿಯನ್ನು ಕಿರಿದುಮಾಡುತ್ತ ಹೋದರೆ ಬಲವು ಮಿತಿಯಿಲ್ಲದೆ ಬೆಳೆಯಬೇಕೆಂದು ಹಳೆಯ ಲೆಕ್ಕವು ಹೇಳುವುದು. 2012ರಲ್ಲಿ ಕೇಂಬ್ರಿಜ್ಜಿನವರು ಪ್ಯಾರಿಸ್ ಮತ್ತು ಸ್ಪೇನಿನ ಪಂಡಿತರೊಡನೆ ಸೇರಿ ಎರಡು ಚಿನ್ನದ ಮೊನೆಗಳನ್ನು ಒಂದರೆದುರಿಗೆ ಒಂದನ್ನು ತಂದು ನೋಡಿದರು. ಸಂದಿಯು ಒಂದು ನ್ಯಾನೋಮೀಟರಿನ ಮೂರರಲ್ಲೊಂದು ಪಾಲಿನಷ್ಟಾದಾಗ, ಮೊನೆಗಳು ಇನ್ನೂ ಮುಟ್ಟದಿದ್ದರೂ, ಎಲೆಕ್ಟ್ರಾನುಗಳು ಸಂದಿಯನ್ನು ದಾಟತೊಡಗಿದುವು. ಗೋಡೆಯನ್ನು ಹತ್ತದೆ ಒಡೆಯದೆ ಆಚೆಗೆ ಕಾಣಿಸಿಕೊಳ್ಳುವ ಕ್ವಾಂಟಮ್ ಚಮತ್ಕಾರವಿದು. ಬಲವು ಅಲ್ಲಿಗೆ ಸೋರಿಹೋಗುವುದು; ಬೆಳಕನ್ನು ಅದಕ್ಕಿಂತ ಇಕ್ಕಟ್ಟಿಗೆ ತುಂಬಲಾಗದು.

ನಮ್ಮ ಮಕ್ಕಳು ಮಾಡಿದ ಕೆಂಪು ನೀರಿನ ಸೀಸೆಯನ್ನು ಪ್ರಯೋಗಶಾಲೆಯ ಬೀರುವಿನ ಎರಡನೆಯ ಅಂತಸ್ತಿನಲ್ಲಿ ಕಪ್ಪು ಕಾಗದ ಸುತ್ತಿ ಇಟ್ಟಿದ್ದೇವೆ. ಉತ್ಸವಕ್ಕೆ ಬರುವ ಹಳೆಯ ವಿದ್ಯಾರ್ಥಿನಿಯರೂ ತಂದೆತಾಯಿಗಳೂ ವಿಜ್ಞಾನದ ಉಪಾಧ್ಯಾಯಿನಿಯವರನ್ನು ಕೇಳಿ ನೋಡಬಹುದು. ಸೀಸೆಯನ್ನು ಕಿಟಕಿಯ ಬೆಳಕಿಗೆ ಎದುರಾಗಿ ಹಿಡಿಯಬೇಕು. ಉಪ್ಪಿನ ನೀರನ್ನು ಹನಿಸಿ ನೋಡಬೇಕೆನ್ನುವವರಿಗೆ ಬೇರೆ ಸಣ್ಣ ನಳಿಕೆಯಲ್ಲಿ ತುಸು ದ್ರವವನ್ನು ಕೊಡಲಾಗುವುದು. ಸೀಸೆಗೇ ಹನಿಸಕೂಡದು, ಏಕೆಂದರೆ ಒಮ್ಮೆ ನೀಲಿಯಾದುದು ಮರಳಿ ಕೆಂಪಾಗದು.